ಹಳೇ ಆಕ್ಟೇವಿಯಾ ವಿಆರ್‌ಎಸ್ ಆರೇ ಕಿಲೋಮೀಟರ್ ಕೊಡ್ತಿದೆ, ಎಂಜಿನ್ ಬಿಚ್ಚಿಸಬೇಕಾ?

ಪ್ರಶ್ನೆ: ನನ್ನದು 2005ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, 1.8 ಟರ್ಬೊ ಪೆಟ್ರೋಲ್. 1,18,000 ಕಿ.ಮೀ. ಓಡಿದೆ, ನಾನು ಎರಡನೇ ಓನರ್. ಮನೆ ಮೈಸೂರಿನ ಕುವೆಂಪುನಗರ, ಆಫೀಸು 4 ಕಿ.ಮೀ. ದೂರ. ಮೊದಲು ಊರೊಳಗೆ ಲೀಟರಿಗೆ 8 ಕಿ.ಮೀ. ಬರುತ್ತಿತ್ತು, ಆರು ತಿಂಗಳಿಂದ 6 ದಾಟುತ್ತಿಲ್ಲ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿ ಇರುವಾಗ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಕೊಸರಾಡುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗಿ 90ರಲ್ಲೇ ಇದೆ. ಒಬ್ಬ ಮೆಕ್ಯಾನಿಕ್ ಟರ್ಬೊ ಹೋಗಿದೆ ಅಂದರು, ಇನ್ನೊಬ್ಬರು ಎಂಜಿನ್ ಬಿಚ್ಚಿ ನೋಡೋಣ ಅಂದರು. ಸ್ನೇಹಿತರೆಲ್ಲ ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನದ್ದೇ ತಪ್ಪು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಎಂಜಿನ್ ಬಿಚ್ಚಿಸಬೇಡಿ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ತಂಟೆಗೂ ಸದ್ಯಕ್ಕೆ ಹೋಗಬೇಡಿ. ನಿಮ್ಮ ಪತ್ರ ಓದುವಾಗಲೇ ನನ್ನ ಅನುಮಾನ ಹೆಬ್ಬೆರಳಿನಷ್ಟಿರುವ ಒಂದು ಸೆನ್ಸರ್ ಮೇಲೆ ಹೋಯಿತು.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. 500 ರೂಪಾಯಿಗೆ ಪೆಟ್ರೋಲ್ ಹಾಕಿಸಿ ಮುಳ್ಳು ನೋಡಿ ಮೈಲೇಜ್ ಹೇಳುವವರನ್ನು ನಾನು ನಂಬುವುದಿಲ್ಲ, ಅದು ನನ್ನ ಸ್ವಂತ ಭಾವನೇ ಆದರೂ. ಒಂದೇ ಬಂಕು, ಫುಲ್ ಟ್ಯಾಂಕು, ನಾಝಲ್ ತಾನಾಗಿ ಕಟ್ ಆದಾಗ ಅಲ್ಲಿಗೇ ನಿಲ್ಲಿಸಿ. ರೌಂಡ್ ಫಿಗರ್ ಮಾಡೋಣ ಅಂತ ಹುಡುಗ ಮತ್ತೆ ಒತ್ತಲು ಬರುತ್ತಾನೆ, ಬೇಡ ಅನ್ನಿ. ಹೀಗೆ ಮೂರು ಟ್ಯಾಂಕ್ ಲೆಕ್ಕ ಬರೆದಿಟ್ಟರೆ ನಿಜವಾದ ಅಂಕಿ ಸಿಗುತ್ತದೆ. ನಿಮ್ಮದು 150 ಕುದುರೆ ಶಕ್ತಿಯ ಎಂಜಿನ್, ಸಿಲಿಂಡರಿಗೆ ಐದೈದು ವಾಲ್ವ್. ನಾನು ಕಂಡಂತೆ ಈ ಕಾರು ಊರೊಳಗೆ 8-9 ಕೊಡುತ್ತದೆ, ಹೈವೇಯಲ್ಲಿ ಹಗುರವಾಗಿ ಓಡಿಸಿದರೆ 12-13. ಅದಕ್ಕಿಂತ ಜಾಸ್ತಿ ಕೇಳಿದರೆ ಕಾರಿಗೆ ಅನ್ಯಾಯ. ಆದರೆ ಲೆಕ್ಕ ಹಾಕಿದ ಮೇಲೂ 6 ಬಂದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ.

ಈಗ ಆ ಸೆನ್ಸರ್ ವಿಚಾರ. ಸಿಲಿಂಡರ್ ಹೆಡ್ಡಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ನೀರು) ಹೋಸ್ ಕೂರುವ ಒಂದು ಪ್ಲಾಸ್ಟಿಕ್ ತುಂಡಿದೆ. ಅದರೊಳಗೆ ನಾಲ್ಕು ಪಿನ್ನಿನ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಇರುತ್ತದೆ. ನೋಡಲು ಒಂದು, ಒಳಗೆ ಎರಡು. ಎರಡು ಪಿನ್ನು ಮೀಟರಿನ ಮುಳ್ಳಿಗೆ, ಇನ್ನೆರಡು ಎಂಜಿನ್ ಕಂಪ್ಯೂಟರಿಗೆ. ಕಂಪ್ಯೂಟರಿನ ಭಾಗ ಕೆಟ್ಟು ಮುಳ್ಳಿನ ಭಾಗ ಸರಿ ಇದ್ದರೆ, ನಿಮಗೆ 90 ಕಾಣುತ್ತದೆ, ಕಂಪ್ಯೂಟರಿಗೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ವರದಿ ಹೋಗುತ್ತದೆ. ತಣ್ಣಗಿದ್ದರೆ ಪೆಟ್ರೋಲ್ ಜಾಸ್ತಿ ಸುರಿಯುವುದು ಅದರ ಕೆಲಸ. ಬೆಳಿಗ್ಗೆ ಎಂಜಿನ್ ನಿಜವಾಗಿಯೂ ತಣ್ಣಗಿರುವುದರಿಂದ ಸ್ಟಾರ್ಟಿಂಗ್ ಚೆನ್ನಾಗೇ ಇರುತ್ತದೆ. ಬಿಸಿ ಇದ್ದಾಗಲೂ ಅಷ್ಟೇ ಸುರಿದರೆ ಕೊಸರಾಟ, ವಾಸನೆ, 6 ಕಿ.ಮೀ. ಮೈಲೇಜ್. ನೀವು ಬರೆದದ್ದಕ್ಕೆಲ್ಲ ತಾಳೆ ಆಗುತ್ತೆ ಅಲ್ವಾ?

ಇನ್ನೊಂದು ವಿಷಯ, ಆ ಮುಳ್ಳು ಮಹಾ ಸುಳ್ಳುಗಾರ. ನೀರು ಒಂದಿಷ್ಟು ಮೇಲೆ ಕೆಳಗೆ ಆದರೂ ಓನರಿಗೆ ಗಾಬರಿ ಆಗದಿರಲಿ ಅಂತ 90ರಲ್ಲೇ ನಿಲ್ಲುವಂತೆ ಮಾಡಿದ್ದಾರೆ. ನಾನೂ ಅದನ್ನು ನಂಬಿ ಕೆಟ್ಟವನೇ. ಇದೇ 1.8 ಟರ್ಬೊ ಎಂಜಿನ್ನಿನ ಒಂದು ಕಾರಿಗೆ ಪ್ಲಗ್ ಬದಲಿಸಿ, ಇಂಜೆಕ್ಟರ್ ತೊಳೆಸಿ, ಆಕ್ಸಿಜನ್ ಸೆನ್ಸರನ್ನೂ ಹೊಸದು ಹಾಕಿ, ಕೊನೆಗೆ ಎಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿ ನೋಡಿದರೆ ಬಿಸಿ ಎಂಜಿನ್ನಿಗೆ ಕಂಪ್ಯೂಟರ್ 31 ಡಿಗ್ರಿ ಅಂತಿತ್ತು. ಆ ಮೂರೂ ಖರ್ಚು ಓನರ್ ಹತ್ತಿರ ಕೇಳಲು ನನಗೆ ಮುಖ ಇರಲಿಲ್ಲ.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರ್ ಹಾಕಿಸಿ. ಕೂಲೆಂಟ್ ಎಷ್ಟು ಡಿಗ್ರಿ, ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ ನೋಡಿ, ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಆಮೇಲೆ ಒಂದರ್ಧ ಗಂಟೆ ಓಡಿಸಿ ಮತ್ತೆ ನೋಡಿ. 85-95ಕ್ಕೆ ಏರಿದರೆ ಸೆನ್ಸರ್ ಸರಿ ಇದೆ. 70ರಲ್ಲೇ ಒದ್ದಾಡುತ್ತಿದ್ದರೆ ಕೂಲೆಂಟ್ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆರೆದೇ ಕೂತಿರಬಹುದು. ಮನಸ್ಸಿಗೆ ಬಂದ ಹಾಗೆ 20, 30 ತೋರಿಸಿದರೆ ಕಳ್ಳ ಸಿಕ್ಕ. ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ, ಜೊತೆಗೆ ರಬ್ಬರ್ ರಿಂಗೂ ಹೊಸದಾಗಲಿ. ಹಳೇ ರಿಂಗನ್ನೇ ಹಾಕಿ ಕಳಿಸಿದರೆ ವಾರದಲ್ಲೇ ಕೂಲೆಂಟ್ ಸೋರಲು ಶುರು.

ಸೆನ್ಸರ್ ಸರಿ ಇದ್ದರೆ ಮುಂದೆ ನೋಡಬೇಕಾದದ್ದು ರಬ್ಬರ್ ಪೈಪುಗಳು. ಏರ್ ಫಿಲ್ಟರ್ ಪಕ್ಕದ ಏರ್ ಫ್ಲೋ ಮೀಟರ್ ಗಾಳಿ ಅಳೆದು ಅದಕ್ಕೆ ತಕ್ಕ ಪೆಟ್ರೋಲ್ ಲೆಕ್ಕ ಹಾಕಿಸುತ್ತದೆ. ಟರ್ಬೊದಿಂದ ಎಂಜಿನ್ ಕಡೆ ಹೋಗುವ ಹೋಸ್ ಬಿರುಕು ಬಿಟ್ಟಿದ್ದರೆ, ಅಳೆದ ಗಾಳಿಯಲ್ಲಿ ಒಂದಷ್ಟು ದಾರಿಯಲ್ಲೇ ಆಚೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಪಿಕಪ್ ಕಡಿಮೆ, ಆಕ್ಸಿಲರೇಟರ್ ಒತ್ತಿದಾಗ ಹಿಸ್ ಅನ್ನೋ ಸದ್ದು. ಇದನ್ನೇ ಎಷ್ಟೋ ಕಡೆ ಟರ್ಬೊ ಹೋಗಿದೆ ಅಂತ ಹೇಳಿ ಟರ್ಬೊ ಬದಲಿಸಿಬಿಡುತ್ತಾರೆ! ಎಣ್ಣೆ ಹಚ್ಚುವ ಸ್ಪೋರ್ಟ್ಸ್ ಫಿಲ್ಟರ್ ಹಿಂದಿನ ಓನರ್ ಹಾಕಿಸಿದ್ದರೆ ತೆಗೆಸಿ, ಮಾಮೂಲಿ ಪೇಪರ್ ಫಿಲ್ಟರ್ ಹಾಕಿಸಿ. ಆ ಎಣ್ಣೆ ಹೋಗಿ ಏರ್ ಫ್ಲೋ ಮೀಟರಿಗೆ ಮೆತ್ತಿಕೊಳ್ಳುತ್ತದೆ.

ಇ20 ವಿಚಾರದಲ್ಲಿ ನಿಮ್ಮ ಸ್ನೇಹಿತರು ಅರ್ಧ ಸರಿ. ಲೀಟರಿಗೆ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ ಇದೆ. ಇ20ಗೆ ಅಂತ ತಯಾರಾಗದ ಕಾರುಗಳಲ್ಲಿ ಮೈಲೇಜ್ 6-7 ಶೇಕಡ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಅಂದರೆ 8 ಇದ್ದದ್ದು ಏಳೂವರೆ ಆಗಬೇಕು, 6 ಆಗಬಾರದು. ನನಗೆ ಮೈಲೇಜಿಗಿಂತ ಹೆಚ್ಚು ಚಿಂತೆ ಇಪ್ಪತ್ತು ವರ್ಷದ ಪೆಟ್ರೋಲ್ ಪೈಪುಗಳದ್ದು. ಬಾನೆಟ್ ಕೆಳಗಿನ ರಬ್ಬರ್ ಪೈಪುಗಳನ್ನು ಬೆರಳಲ್ಲಿ ಹಿಚುಕಿ ನೋಡಿ, ಗಟ್ಟಿಯಾಗಿದ್ದರೆ ಅಥವಾ ಜಿಗುಟಾಗಿದ್ದರೆ ಬದಲಿಸಿ. ಇದು ಮಾತ್ರ ಮುಂದಕ್ಕೆ ಹಾಕುವ ಕೆಲಸವಲ್ಲ.

ಕೊನೆಯದಾಗಿ ನಿಮ್ಮ 4 ಕಿ.ಮೀ. ಆಫೀಸು. ಅಷ್ಟು ದೂರದಲ್ಲಿ ಎಂಜಿನ್ ಬಿಸಿ ಆಗುವಷ್ಟರಲ್ಲಿ ನೀವು ಪಾರ್ಕಿಂಗ್‌ನಲ್ಲಿ ಇರುತ್ತೀರಿ. ಆಯಿಲ್ ಕೂಡ ಬೇಗ ಹಾಳಾಗುತ್ತದೆ, ಈ ಟರ್ಬೊ ಎಂಜಿನ್ನಿಗೆ ಕೊಳಕು ಆಯಿಲ್ ಆಗಿಬರುವುದಿಲ್ಲ. ಫುಲ್ ಸಿಂಥೆಟಿಕ್ 5ಡಬ್ಲ್ಯು-40 ಹಾಕಿಸಿ, ಡಬ್ಬದ ಮೇಲೆ ವಿಡಬ್ಲ್ಯು 502.00 (ಫೋಕ್ಸ್‌ವ್ಯಾಗನ್ ಕಂಪನಿಯ ಆಯಿಲ್ ಮಾನದಂಡ) ಅಂತ ಇರಲಿ. 7,500 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಿ. ವಾಲ್ವ್, ಪಿಸ್ಟನ್ ತಾಳ ತಪ್ಪದಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ ಈಗಲೇ ಹಾಕಿಸಿ, ಜೊತೆಗೆ ಬೆಲ್ಟ್ ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್. ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಆಗ ಎಂಜಿನ್ ಬಿಚ್ಚುವುದು ಬೇಡ ಅನ್ನಲು ನನ್ನಿಂದಲೂ ಆಗುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಅಪ್ಪನ 2002ರ ಹೋಂಡಾ ಸಿಟಿ ವಿಟೆಕ್ ಇದೆ. ಭಾನುವಾರ ಮಾತ್ರ ತೆಗೆಯುತ್ತೇನೆ, ವರ್ಷಕ್ಕೆ 2,000 ಕಿ.ಮೀ. ಕೂಡ ಆಗಲ್ಲ. ಇಷ್ಟು ಕಡಿಮೆ ಓಡಿದ್ದಕ್ಕೆ ಸರ್ವಿಸ್ ಬೇಕಾ?

ಉತ್ತರ: ಬೇಕು. 106 ಕುದುರೆಯ ಆ ವಿಟೆಕ್ ಹೋಗಿ 2003ರಲ್ಲಿ 77 ಕುದುರೆಯ ಸಿಟಿ ಬಂದಾಗ ನಮ್ಮಂಥವರು ಎಷ್ಟು ಗೊಣಗಿದ್ದೆವು ಗೊತ್ತಾ? ಅದನ್ನು ಇಟ್ಟುಕೊಂಡಿದ್ದೀರಲ್ಲ, ಸಂತೋಷ. ಆದರೆ ನಿಂತ ಕಾರಿಗೂ ವಯಸ್ಸಾಗುತ್ತದೆ. ಕಿಲೋಮೀಟರ್ ಮರೆತುಬಿಡಿ, ಕ್ಯಾಲೆಂಡರ್ ನೋಡಿ. ಆಯಿಲ್ ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಟೈಮಿಂಗ್ ಬೆಲ್ಟ್ ಐದು ವರ್ಷಕ್ಕೊಮ್ಮೆ. ಭಾನುವಾರ ಮನೆ ಮುಂದೆ ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ, ಧಾರವಾಡಕ್ಕೆ ಹೋಗಿ ಪೇಡ ತಗೊಂಡು ಬನ್ನಿ. ಎಂಜಿನ್ ಪೂರ್ತಿ ಬಿಸಿ ಆದಾಗಲೇ ಸೈಲೆನ್ಸರ್ ಒಳಗಿನ ನೀರು ಒಣಗುವುದು.

ಹೊರಡುವ ಮುಂಚೆ ಒಂದು ಸಲ ಟೈರ್ ಪಕ್ಕ ಕೂತು ನೋಡಿ. ಟೈರಿನ ಬದಿಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 3214 ಅಂತ ಇದ್ದರೆ ಅದು 2014ರ 32ನೇ ವಾರದ ಟೈರು. ಟ್ರೆಡ್ ಸವೆಯದೇ ಫಳಫಳ ಅಂತಿದ್ದರೂ ಅದರ ಮೇಲೆ ಹೈವೇಗೆ ಹೋಗಬೇಡಿ, ಮೊದಲು ನಾಲ್ಕೂ ಬದಲಿಸಿ. ಪೇಡ ಮುಂದಿನ ವಾರ ತಂದರಾಯಿತು.