ಓದುಗರ ಪ್ರಶ್ನೆ: ರಾಶಿ ಮುಗಿದರೂ ಸೀನು ನಿಂತಿಲ್ಲ

ಪ್ರಶ್ನೆ: ನಾನು ಒಕ್ಕಲುತನದ ಮನೆಯ ಗೃಹಿಣಿ, ವಯಸ್ಸು 36. ಬಿಳಿಜೋಳದ ರಾಶಿಯ ದಿನಗಳಲ್ಲಿ ಹತ್ತಿಕೊಂಡ ಸೀನು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಲೇ ಒಂದರ ಮೇಲೊಂದು ಸೀನು ಬರುತ್ತವೆ, ಮೂಗಿನಿಂದ ತಿಳಿನೀರು ಸುರಿಯುತ್ತದೆ, ಕಣ್ಣು ತುರಿಸುತ್ತವೆ; ಜ್ವರವಿಲ್ಲ. ರಾತ್ರಿ ಮೂಗು ಕಟ್ಟುವುದರಿಂದ ಮೆಡಿಕಲ್ ಅಂಗಡಿಯವರು ಕೊಟ್ಟ ಹನಿಯನ್ನು ಎರಡು ತಿಂಗಳಿಂದ ಹಾಕಿಕೊಳ್ಳುತ್ತಿದ್ದೇನೆ. ತಲೆಸ್ನಾನ ಮತ್ತು ಮೊಸರು ಬಿಡಬೇಕೆಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ಓದುಗರು, ಸಿಂದಗಿ ತಾಲೂಕು

ಉತ್ತರ: ನೀವು ಬರೆದಿರುವ ಲಕ್ಷಣಗಳು ನೆಗಡಿಯವಲ್ಲ, ಮೂಗಿನ ಅಲರ್ಜಿಯವು. ನೆಗಡಿಯಾಗಿದ್ದರೆ ಸಾಮಾನ್ಯವಾಗಿ ಏಳೆಂಟು ದಿನಗಳಲ್ಲಿ ಇಳಿಯುತ್ತಿತ್ತು.

ಮೊದಲು ಆ ಹನಿಯ ವಿಷಯ. ಮೂಗನ್ನು ಕ್ಷಣದಲ್ಲಿ ಬಿಡಿಸುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್‌ನಂತಹ ಹನಿಗಳು ಒಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಐದು ದಿನಗಳಿಗಿಂತ ಹೆಚ್ಚು ಬಳಸಿದರೆ, ಔಷಧಿಯ ಪ್ರಭಾವ ಇಳಿದ ಕೂಡಲೇ ಆ ನಾಳಗಳು ಮೊದಲಿಗಿಂತಲೂ ಹೆಚ್ಚು ಉಬ್ಬಿ, ಮೂಗು ಮತ್ತೆ ಕಟ್ಟಿ, ಮತ್ತೆ ಹನಿ ಬೇಕೆನಿಸುತ್ತದೆ. ನಿಮ್ಮ ಬಾಟಲಿಯ ಮೇಲೆ ಈ ಹೆಸರುಗಳಲ್ಲೊಂದಿದ್ದರೆ ರಾತ್ರಿಯ ತೊಂದರೆಗೆ ಬಹುಮಟ್ಟಿಗೆ ಅದೇ ಕಾರಣವಿರಬೇಕು. ಹನಿಯನ್ನು ಬಿಟ್ಟಮೇಲೆ ಕೆಲವು ದಿನ ಮೂಗು ಇನ್ನಷ್ಟು ಕಟ್ಟುತ್ತದೆ, ಸಹಿಸಿಕೊಳ್ಳಿ.

ಇದಕ್ಕೆ ಬದಲಾಗಿ ವೈದ್ಯರನ್ನು ಕಂಡು ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ ಬಗ್ಗೆ ಕೇಳಿ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ, ಎರಡು ದಿನ ಹೊಡೆದು ಗುಣವಿಲ್ಲವೆಂದು ಬದಿಗಿಡುವವರೇ ಹೆಚ್ಚು. ಅದರ ಪೂರ್ಣ ಪರಿಣಾಮ ಕಾಣಲು ಎರಡು ವಾರಗಳವರೆಗೆ ಬೇಕು, ನಿತ್ಯವೂ ಬಳಸಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆದುಕೊಂಡರೆ ಔಷಧಿ ನಡುಗೋಡೆಗೆ ತಾಗದೆ ಹೊರಬದಿಗೆ ಹೋಗುತ್ತದೆ. ನಡುಗೋಡೆಗೆ ತಾಗುತ್ತಿದ್ದರೆ ರಕ್ತ ಬರಬಹುದು. ಸೀನು, ತುರಿಕೆಗೆ ಸೆಟ್ರಿಜಿನ್ ಮಾತ್ರೆ ಸಾಕಾಗಬಹುದಾದರೂ ಅದು ಕೆಲವರಿಗೆ ನಿದ್ದೆ ತರುತ್ತದೆ. ಹಗಲಿನ ಕೆಲಸಕ್ಕೆ ಫೆಕ್ಸೊಫೆನಡಿನ್ ವಾಸಿ.

ಇನ್ನು ಕಾರಣ. ರಾಶಿಯ ಯಂತ್ರದಿಂದ ಏಳುವ ಜೋಳದ ಧೂಳು ಮತ್ತು ಅದರೊಳಗಿನ ಬೂಷ್ಟಿನ ಕಣಗಳು ನಿಮ್ಮ ಮೂಗನ್ನು ಕೆರಳಿಸಿರಬಹುದು. ಆದರೆ ರಾಶಿ ಮುಗಿದಮೇಲೂ ಹಾಸಿಗೆಯಿಂದ ಏಳುವಾಗಲೇ ಸೀನು ಬರುವುದಾದರೆ ನನ್ನ ಅನುಮಾನ ಕೌದಿಯ ಮೇಲಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ ವರ್ಷಕ್ಕೊಮ್ಮೆಯಷ್ಟೇ ನೀರು ಕಾಣುವುದುಂಟು, ಅದರಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳು ಬೆಳೆಯುತ್ತವೆ. ಅಲರ್ಜಿ ತರುವುದು ಮುಖ್ಯವಾಗಿ ಅವುಗಳ ಹಿಕ್ಕೆಯಾದ್ದರಿಂದ ಬಿಸಿಲಿಗೆ ಹಾಕಿದರಷ್ಟೇ ಸಾಲದು, ತೊಳೆಯಲೇಬೇಕು. ತೆಳುವಾದ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ತೊಳೆಯಿರಿ. ಕೌದಿ ಝಾಡಿಸುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಒಪ್ಪಿಸಿ. ಕಸಬರಿಗೆಗಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಮುಂದಿನ ರಾಶಿಗೆ ಎನ್‌-95 ಮಾಸ್ಕ್ ಬೇಕು, ಸೀರೆಯ ಸೆರಗು ಸಣ್ಣ ಕಣಗಳನ್ನು ತಡೆಯುವುದಿಲ್ಲ.

ಅತ್ತೆಯವರ ಕಾಳಜಿ ಒಳ್ಳೆಯದೇ, ಆದರೆ ಮೊಸರನ್ನು ಬಿಡಬೇಕಾಗಿಲ್ಲ. ತಲೆಸ್ನಾನವಂತೂ ಹೊಟ್ಟಿನ ಕೆಲಸವಾದ ದಿನ ಮಲಗುವ ಮುನ್ನ ಆಗಲೇಬೇಕು. ಇಲ್ಲವಾದರೆ ಕೂದಲಿನ ಧೂಳು ದಿಂಬಿಗಿಳಿಯುತ್ತದೆ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಮೂಗು ತೊಳೆಯುವುದೂ ಹಿತ. ನಲ್ಲಿಯ ಅಥವಾ ಬೋರ್‌ವೆಲ್ಲಿನ ನೀರನ್ನು ಕುದಿಸದೆ ಮೂಗಿಗೆ ಬಿಡಬೇಡಿ.

ಎದೆಯಲ್ಲಿ ಸುಂಯ್‌ಗುಟ್ಟುವಿಕೆ, ರಾತ್ರಿಯ ಕೆಮ್ಮು ಅಥವಾ ಒಂದೇ ಹೊಳ್ಳೆ ಕಟ್ಟಿ ರಕ್ತ ಬರುವುದು ಕಂಡರೆ ತಡಮಾಡದೆ ತೋರಿಸಿ. ಮೂಗಿನ ಅಲರ್ಜಿಯುಳ್ಳವರಲ್ಲಿ ಅಸ್ತಮಾ ಹೆಚ್ಚು. ಯಾವುದರ ಅಲರ್ಜಿಯೆಂದು ಖಚಿತವಾಗಿ ತಿಳಿಯಲು ಚರ್ಮದ ಪರೀಕ್ಷೆಯಿದೆ. ಅದಕ್ಕೆ ಹೋಗುವುದಾದರೆ ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಂಡು ಹೋಗಿ.