ಹಳೆಯ ಡ್ಯುಯಲ್ ಝಿಯಾನ್ ವರ್ಕ್‌ಸ್ಟೇಷನ್ ಕೊಳ್ಳಬಹುದಾ? ಸರ್ವರ್ ಪ್ರೊಸೆಸರ್ ಅಂದರೆ ಬೇರೆ ಜಾತಿಯಾ?

ನಿಮ್ಮ ಪ್ರಶ್ನೆ ಇಷ್ಟು: ಎರಡು ಝಿಯಾನ್ ಇ5-2670 (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಇರುವ ಹಳೆಯ ವರ್ಕ್‌ಸ್ಟೇಷನ್ ಅಗ್ಗಕ್ಕೆ ಸಿಗುತ್ತಿದೆ, ಒಟ್ಟು 16 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ). ಜಾಸ್ತಿ ದುಡ್ಡು ಕೊಟ್ಟು ಹೊಸ ಡೆಸ್ಕ್‌ಟಾಪ್ ತಗೊಂಡರೂ ಸಿಗೋದು 6 ಕೋರ್. ಹಾಗಾದರೆ ಹಳೆಯದೇ ಮೇಲಲ್ವಾ? ಜೊತೆಗೆ, ಈ ಸರ್ವರ್ ಪ್ರೊಸೆಸರ್‌ಗಳು ಹೇಗೆ ಬೆಳೆದು ಬಂದವು ಅಂತಲೂ ಕೇಳಿದ್ದೀರಿ.

ಮೊದಲು ನೇರ ಉತ್ತರ. ರ‍್ಯಾಮ್ ತುಂಬಾ ಬೇಕಿದ್ದರೆ ಕೊಳ್ಳಿ. ಬರೀ ಕೋರ್ ಎಣಿಸಿ ಕೊಳ್ಳೋದಾದರೆ ಬೇಡ. ಯಾಕೆ ಅಂತ ಹೇಳೋಕೆ ನಿಮ್ಮ ಎರಡನೇ ಪ್ರಶ್ನೆಗೇ ಹೋಗಬೇಕು.

ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಸರ್ವರ್ ರೂಮಿನ ಚಳಿಯಲ್ಲಿ ದುಡಿದವನು. ಈ ಕಥೆಯನ್ನು ಎಲ್ಲರೂ ಗಿಗಾಹರ್ಟ್ಸ್ ಲೆಕ್ಕದಲ್ಲೋ ಕೋರ್ ಲೆಕ್ಕದಲ್ಲೋ ಹೇಳುತ್ತಾರೆ. ನನಗೆ ಅದು ಊಟ ಬಡಿಸುವ ಕಥೆಯ ಹಾಗೆ ಕಾಣುತ್ತೆ. ಮದುವೆ ಮನೆಯಲ್ಲಿ ಪಂಕ್ತಿಗೆ ನೂರು ಜನ ಕೂತಿದ್ದಾರೆ, ಎಲ್ಲರೂ ಗಬಗಬ ಉಣ್ಣುವವರೇ. ಆದರೆ ಅಡುಗೆಮನೆಯ ಬಾಗಿಲು ಒಂದೇ, ಅದೂ ಕಿರಿದು. ಎಲೆ ಮುಂದೆ ಕೂತು ಏನು ಪ್ರಯೋಜನ? ಕೋರ್ ಅಂದರೆ ಉಣ್ಣುವವನು, ರ‍್ಯಾಮ್ ಅಂದರೆ ಅಡುಗೆಮನೆ. 3 ಗಿಗಾಹರ್ಟ್ಸ್ ಕೋರ್ ಸೆಕೆಂಡಿಗೆ 300 ಕೋಟಿ ಬಡಿತ ಬಡಿಯುತ್ತೆ. ರ‍್ಯಾಮಿನಿಂದ ಒಂದು ತುತ್ತು ಬರಲು 100 ನ್ಯಾನೋಸೆಕೆಂಡ್ ಹಿಡಿದರೆ, ಅಷ್ಟರಲ್ಲಿ 300 ಬಡಿತ ಸುಮ್ನೆ ಹೋಯಿತು.

ಇಂಟೆಲ್ 1995ರ ನವೆಂಬರ್‌ನಲ್ಲಿ ಪೆಂಟಿಯಂ ಪ್ರೊ ತಂದಾಗ ಮಾಡಿದ್ದು ಇದಕ್ಕೇ ಒಂದು ಉಪಾಯ. ಅಲ್ಲಿಯವರೆಗೆ ಮದರ್‌ಬೋರ್ಡ್ ಮೇಲೆ ದೂರದಲ್ಲಿದ್ದ ಎಲ್2 ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಡುವ ಚಿಕ್ಕ, ವೇಗದ ಮೆಮೊರಿ) ಅನ್ನು ಪ್ರೊಸೆಸರ್‌ನ ಸೆರಾಮಿಕ್ ಪ್ಯಾಕೇಜ್ ಒಳಗೇ ತಂದು ಕೂರಿಸಿದರು. ಪಂಕ್ತಿ ಪಕ್ಕದಲ್ಲೇ ಸಾರಿನ ಪಾತ್ರೆ ಇಟ್ಟ ಹಾಗೆ. ಕೈಯಲ್ಲಿ ಹಿಡಿದರೆ ಹೆಂಚಿನ ಚೂರಿನಷ್ಟು ಭಾರ. ಈಗಲೂ ಅದರೊಳಗಿನ ಚಿನ್ನಕ್ಕಾಗಿ ಗುಜರಿಯವರು ಅದನ್ನು ಹುಡುಕುತ್ತಾರೆ. ಝಿಯಾನ್ ಅನ್ನುವ ಹೆಸರು ಬಂದದ್ದು 1998ರಲ್ಲಿ, ಪೆಂಟಿಯಂ 2 ಝಿಯಾನ್ ಜೊತೆ. ಮನೆ ಪೆಂಟಿಯಂ 2ರಲ್ಲಿ ಎಲ್2 ಕ್ಯಾಶ್ ಪ್ರೊಸೆಸರ್‌ನ ಅರ್ಧ ವೇಗದಲ್ಲಿ ಓಡುತ್ತಿತ್ತು, ಝಿಯಾನ್‌ನಲ್ಲಿ ಪೂರ್ತಿ ವೇಗದಲ್ಲಿ. ಒಳಗಿನ ಕೋರ್ ಹೆಚ್ಚುಕಡಿಮೆ ಒಂದೇ. ಅಂದರೆ ಸರ್ವರ್ ಪ್ರೊಸೆಸರ್ ಬೇರೆ ಜಾತಿಯೇನಲ್ಲ. ಉಣ್ಣುವವನು ಅವನೇ, ಬಡಿಸುವ ವ್ಯವಸ್ಥೆ ಬೇರೆ.

ಆಗ ಸರ್ವರ್ ಚಿಪ್‌ಗಳ ದೊಡ್ಡ ಮನೆತನಗಳು ಬೇರೆಯೇ ಇದ್ದವು ಬಿಡಿ. ಸನ್‌ನ ಸ್ಪಾರ್ಕ್, ಡೆಕ್‌ನ ಆಲ್ಫಾ, ಎಚ್‌ಪಿಯ ಪಿಎ-ರಿಸ್ಕ್, ಎಸ್‌ಜಿಐ ವರ್ಕ್‌ಸ್ಟೇಷನ್‌ಗಳ ಮಿಪ್ಸ್, ಐಬಿಎಂನ ಪವರ್. ಇವುಗಳ ಪೈಕಿ ಆಲ್ಫಾ ಮತ್ತು ಪಿಎ-ರಿಸ್ಕ್‌ನ ಕಥೆ ವಿಚಿತ್ರ. ಇಂಟೆಲ್, ಎಚ್‌ಪಿ ಸೇರಿ ಇಟಾನಿಯಂ ಮಾಡ್ತೀವಿ ಅಂದರು, 'ಮುಂದೆ ಅದೇ ಎಲ್ಲ' ಅಂತ ಇವೆರಡೂ ಜಾಗ ಖಾಲಿ ಮಾಡಿದವು. ಇಟಾನಿಯಂ ಮಾತ್ರ 2001ಕ್ಕೆ ತಡವಾಗಿ ಬಂದು, ಕುಂಟುತ್ತಾ ಸಾಗಿ, 2021ರಲ್ಲಿ ಕಣ್ಣು ಮುಚ್ಚಿತು. ಬರೀ ಸುದ್ದಿಯಿಂದಲೇ ಎದುರಾಳಿಗಳನ್ನು ಓಡಿಸಿದ ಚಿಪ್ ಅದು!

ಈಗ ನನ್ನ ಮಾನ ಹೋದ ಪ್ರಸಂಗ. 2004ರಲ್ಲಿ ನಾನಿದ್ದ ಕಂಪನಿಯಲ್ಲಿ ನಾಲ್ಕು ಸಾಕೆಟ್‌ನ (ಪ್ರೊಸೆಸರ್ ಕೂರಿಸುವ ಜಾಗ) ಒಂದು ಝಿಯಾನ್ ಎಂಪಿ ಸರ್ವರ್ ಇತ್ತು, ಎರಡು ಸಾಕೆಟ್ ಖಾಲಿ. ತಿಂಗಳ ಕೊನೆಯ ಲೆಕ್ಕ ರಾತ್ರಿಯಿಡೀ ಓಡುತ್ತಿತ್ತು. 'ಇನ್ನೆರಡು ಪ್ರೊಸೆಸರ್ ಹಾಕಿಸಿ, ಸಮಯ ಅರ್ಧಕ್ಕಿಳಿಯುತ್ತೆ' ಅಂತ ಮೀಟಿಂಗ್‌ನಲ್ಲಿ ಎದೆ ತಟ್ಟಿ ಹೇಳಿದವನು ನಾನೇ. ಹಾಕಿಸಿದರು. ರಾತ್ರಿ ಕೂತು ನೋಡಿದರೆ ನಾಲ್ಕೂ ಪ್ರೊಸೆಸರ್ ನೂರಕ್ಕೆ ನೂರು ಬಿಜಿ. ಖುಷಿಯಾಯಿತು. ಬೆಳಿಗ್ಗೆ ನೋಡಿದರೆ ಕೆಲಸ ಮುಗಿದದ್ದು ಮೊದಲಿಗಿಂತ ಒಂದಿಷ್ಟೇ ಮುಂಚೆ.

ಕಾರಣ ಆಮೇಲೆ ಗೊತ್ತಾಯಿತು. ಆ ನಾಲ್ಕೂ ಪ್ರೊಸೆಸರ್‌ಗಳಿಗೆ ಇದ್ದದ್ದು ಒಂದೇ ಫ್ರಂಟ್ ಸೈಡ್ ಬಸ್ (ಪ್ರೊಸೆಸರ್‌ನಿಂದ ರ‍್ಯಾಮ್ ಕಡೆಗಿನ ದಾರಿ), 400 ಮೆಗಾಹರ್ಟ್ಸ್‌ನದು. ಸೆಕೆಂಡಿಗೆ 3.2 ಗಿಗಾಬೈಟ್, ಅದನ್ನೇ ನಾಲ್ವರೂ ಹಂಚಿಕೊಳ್ಳಬೇಕು. ಮತ್ತೆ ನೂರಕ್ಕೆ ನೂರು ಬಿಜಿ ಅಂತ ತೋರಿಸಿದ್ದು? ಅಲ್ಲೇ ಇರೋದು ಮೋಸ. ಎಲೆ ಮುಂದೆ ಬಡಿಸುವವರಿಗಾಗಿ ಕಾಯುತ್ತಾ ಕೂತವನನ್ನೂ ಆಪರೇಟಿಂಗ್ ಸಿಸ್ಟಂ 'ಉಣ್ಣುತ್ತಿದ್ದಾನೆ' ಅಂತಲೇ ಬರೆದುಕೊಳ್ಳುತ್ತೆ. ಇದು ಈಗಿನ ಯಂತ್ರಗಳಿಗೂ ಅನ್ವಯ.

ಎಎಂಡಿಯವರು 2003ರ ಏಪ್ರಿಲ್‌ನಲ್ಲಿ ತಂದ ಆಪ್ಟೆರಾನ್ ಈ ಗಂಟನ್ನೇ ಬಿಚ್ಚಿತ್ತು. ಜನ ಅದನ್ನು ನೆನೆಯೋದು ಎಕ್ಸ್86ಗೆ (ಇಂಟೆಲ್, ಎಎಂಡಿ ಚಿಪ್‌ಗಳ ಸಾಮಾನ್ಯ ಭಾಷೆ) 64 ಬಿಟ್ ತಂದದ್ದಕ್ಕೆ. ಅದು ದೊಡ್ಡದೇ, ಮರುವರ್ಷ ಇಂಟೆಲ್ ಕೂಡ ಅದನ್ನೇ ಝಿಯಾನ್‌ಗೆ ತರಬೇಕಾಯಿತು. ಆದರೆ ಸರ್ವರ್ ರೂಮಿನವರಿಗೆ ಮುಖ್ಯವಾದದ್ದು ಇನ್ನೊಂದು. ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಬಂತು. ಪ್ರತಿ ಆಪ್ಟೆರಾನ್‌ಗೂ ತನ್ನದೇ ರ‍್ಯಾಮ್, ತನ್ನದೇ 5.3 ಗಿಗಾಬೈಟ್ ದಾರಿ. ನಾಲ್ಕು ಹಾಕಿದರೆ ನಾಲ್ಕು ಅಡುಗೆಮನೆ. ಪಕ್ಕದವನ ಅಡುಗೆಮನೆಯಿಂದ ಏನಾದರೂ ಬೇಕಾದರೆ ಹೈಪರ್‌ಟ್ರಾನ್ಸ್‌ಪೋರ್ಟ್ ಅನ್ನುವ ಓಣಿಯಲ್ಲಿ ಹೋಗಿ ತರಬೇಕು, ಅದು ಸ್ವಲ್ಪ ನಿಧಾನ. ಈ ಏರ್ಪಾಡಿಗೆ ನ್ಯೂಮಾ ಅಂತಾರೆ. ಹೆಸರು ನೆನಪಿಟ್ಟುಕೊಳ್ಳಿ, ನಿಮ್ಮ ಯಂತ್ರಕ್ಕೂ ಬೇಕಾಗುತ್ತೆ.

ಇಲ್ಲಿ ನಮ್ಮ ಬೆಂಗಳೂರು ಬರುತ್ತೆ, ಸುಮ್ನೆ ಅಭಿಮಾನಕ್ಕೆ ಎಳೆದು ತರುತ್ತಿಲ್ಲ. ಇಂಟೆಲ್‌ನ ಬೆಂಗಳೂರು ತಂಡ ಒಂದು ನಾಲ್ಕು ಕೋರ್ ಝಿಯಾನ್ ವಿನ್ಯಾಸ ಮಾಡುತ್ತಿತ್ತು. ಅದರ ಸಂಕೇತನಾಮ ವೈಟ್‌ಫೀಲ್ಡ್. ಹಳೆಯ ಬಸ್ ಬಿಟ್ಟು ಹೊಸ ನೇರ ದಾರಿ ಹಿಡಿಯಬೇಕಿದ್ದ ಚಿಪ್ ಅದು. 2005ರಲ್ಲಿ ಅದನ್ನು ಕೈಬಿಟ್ಟರು. ಆದರೆ ಆ ತಂಡ ಸುಮ್ಮನಾಗಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಡನ್ನಿಂಗ್‌ಟನ್, ಅಂದರೆ ಝಿಯಾನ್ 7400, ಬೆಂಗಳೂರಿನಿಂದಲೇ ಹೊರಬಂತು. 6 ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಪಾಪ, ಅದಕ್ಕೆ ಸಿಕ್ಕಿದ್ದು ಹಳೆಯ ಬಸ್ಸೇ. ಒಂದು ಸಾಕೆಟ್‌ಗೆ ಒಂದು ಬಸ್ ಇತ್ತು ನಿಜ, ಆದರೂ 6 ಕೋರ್‌ಗೆ ಅದು ಕಿರಿದೇ. ಅದಕ್ಕೇ 16 ಎಂಬಿ ಎಲ್3 ಕ್ಯಾಶ್ ತುಂಬಿದರು. ಬಾಗಿಲು ಅಗಲ ಮಾಡೋಕೆ ಆಗದಿದ್ದರೆ ಪಂಕ್ತಿ ಪಕ್ಕದ ಪಾತ್ರೆಯನ್ನಾದರೂ ದೊಡ್ಡದು ಮಾಡು ಅನ್ನುವ ಬುದ್ಧಿ. ನನಗಂತೂ ಆ ಚಿಪ್ ಮೇಲೆ ಒಂದು ಥರ ಪ್ರೀತಿ. ಮರುವರ್ಷವೇ, 2009ರ ಮಾರ್ಚ್‌ನಲ್ಲಿ, ನೆಹಾಲೆಮ್ ಆಧಾರಿತ ಝಿಯಾನ್ 5500 ಬಂತು. ಎರಡು ಸಾಕೆಟ್‌ನ ಝಿಯಾನ್‌ಗಳಲ್ಲೂ ಮೆಮೊರಿ ಕಂಟ್ರೋಲರ್ ಒಳಗೆ ಸೇರಿತು.

ನಿಮ್ಮ ಇ5-2670 ಇದೇ ದಾರಿಯಲ್ಲಿ 2012ರಲ್ಲಿ ಬಂದದ್ದು. 8 ಕೋರ್, 20 ಎಂಬಿ ಎಲ್3, ನಾಲ್ಕು ಚಾನೆಲ್ (ರ‍್ಯಾಮ್ ದಾರಿ) ಡಿಡಿಆರ್3 ರ‍್ಯಾಮ್, 115 ವಾಟ್. ಆ ಕಾಲಕ್ಕೆ ರಾಜ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ಒಂದೇ ದೊಡ್ಡ ಸಿಲಿಕಾನ್ ತುಂಡಿನಲ್ಲಿ ಕೋರ್ ತುರುಕುತ್ತಾ ಹೋದರೆ ತುಂಡು ದೊಡ್ಡದಾದಷ್ಟೂ ಹಾಳಾಗುವುದು ಜಾಸ್ತಿ. ಎಎಂಡಿ 2017ರಲ್ಲಿ ಎಪಿಕ್ ಅನ್ನುವ ಸರ್ವರ್ ಪ್ರೊಸೆಸರ್ ತಂದಾಗ ನಾಲ್ಕು ಸಣ್ಣ ತುಂಡು ಜೋಡಿಸಿ 32 ಕೋರ್ ಮಾಡಿತು. ಪ್ರತಿ ತುಂಡಿಗೂ ತನ್ನ ರ‍್ಯಾಮ್, ಅಂದರೆ ಓಣಿ ಸುತ್ತುವ ತಾಪತ್ರಯ ಒಂದೇ ಸಾಕೆಟ್ ಒಳಗೂ ಬಂತು. 2019ರ ಎರಡನೇ ಎಪಿಕ್‌ನಲ್ಲಿ ಅದನ್ನು ತಿದ್ದಿದರು. ನಡುವೆ ಒಂದು ದೊಡ್ಡ ಐಒ ತುಂಡು, ಎಲ್ಲ ರ‍್ಯಾಮ್ ದಾರಿಗಳೂ ಅಲ್ಲಿಗೇ. ಸುತ್ತ ಎಂಟು ಸಣ್ಣ ತುಂಡು, ಒಟ್ಟು 64 ಕೋರ್. ಕೋರ್‌ಗಳಿಗೆ ದುಬಾರಿ 7 ನ್ಯಾನೋಮೀಟರ್ ತಯಾರಿಕಾ ತಂತ್ರ, ನಡುವಿನದಕ್ಕೆ ಹಳೆಯ 14 ನ್ಯಾನೋಮೀಟರ್. ಇಂಥ ಜಿಪುಣತನ ನನಗೆ ಬಲು ಇಷ್ಟ. 2024ಕ್ಕೆ ಇದು 192 ಕೋರ್, 12 ಮೆಮೊರಿ ಚಾನೆಲ್ ತನಕ ಬಂದಿದೆ. ಇದರ ನಡುವೆ 2018ರಿಂದ ಅಮೆಜಾನ್ ತನ್ನದೇ ಆರ್ಮ್ ಸರ್ವರ್ ಚಿಪ್ ಗ್ರಾವಿಟಾನ್ ಮಾಡಿಕೊಳ್ಳುತ್ತಿದೆ, ಅದು ಇನ್ನೊಂದು ದಿನದ ಮಾತು.

ಸರಿ, ನಿಮ್ಮ ಯಂತ್ರಕ್ಕೆ ಬರೋಣ. ರೈಝೆನ್ 5 7600 ಥರದ ಈಗಿನ 6 ಕೋರ್ ಪ್ರೊಸೆಸರ್‌ನ ಒಂದೊಂದು ಕೋರ್ ನಿಮ್ಮ ಝಿಯಾನ್ ಕೋರ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಚುರುಕು. ಅಲ್ಲಿಗೆ 16 ಕೋರ್ ಲೆಕ್ಕ ಹೆಚ್ಚುಕಡಿಮೆ ಸಮವಾಯಿತು. ಎವಿಎಕ್ಸ್2 (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಆದೇಶಗಳು) ಕೂಡ ನಿಮ್ಮ ಝಿಯಾನ್‌ನಲ್ಲಿಲ್ಲ, ಕೆಲವು ಹೊಸ ಸಾಫ್ಟ್‌ವೇರ್ ಅದಿಲ್ಲದೆ ಓಡಲ್ಲ. ಕರೆಂಟ್ ಬೇರೆ: ಸುಮ್ನೆ ಆನ್ ಇಟ್ಟರೆ ಸರಾಸರಿ 100 ವಾಟ್ ಅಂತ ಹಿಡಿದರೂ ತಿಂಗಳಿಗೆ 72 ಯೂನಿಟ್.

ಲಾಭ ಇರೋದು ರ‍್ಯಾಮಿನಲ್ಲಿ. ಇಂಥ ಯಂತ್ರಗಳು ರಿಜಿಸ್ಟರ್ಡ್ ಇಸಿಸಿ ಡಿಡಿಆರ್3 (ತಪ್ಪು ತಿದ್ದಿಕೊಳ್ಳುವ ಸರ್ವರ್ ರ‍್ಯಾಮ್) ತಗೊಳ್ಳುತ್ತವೆ. ಅದು ಮನೆ ಕಂಪ್ಯೂಟರ್‌ಗಳಿಗೆ ಆಗಲ್ಲ, ಹಾಗಾಗಿ ಹಳೆಯ ಮಾಲಿಗೆ ಗಿರಾಕಿ ಕಡಿಮೆ, ಬೆಲೆಯೂ ಕಡಿಮೆ. ಹತ್ತಾರು ವರ್ಚುವಲ್ ಮಷಿನ್ (ಒಂದೇ ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ಎಬ್ಬಿಸಿ ಕಲಿಯಬೇಕು ಅಂತಿದ್ದರೆ 128 ಜಿಬಿ ತುಂಬಿಸಿ, ಮಜಾ ಇರುತ್ತೆ.

ಕೊಳ್ಳೋದೇ ಆದರೆ ದುಡ್ಡು ಕೊಡೋಕೆ ಮುಂಚೆ ಪಕ್ಕದ ಮುಚ್ಚಳ ತೆಗೆಸಿ. ಎರಡು ಪ್ರೊಸೆಸರ್ ಪಕ್ಕದಲ್ಲೂ ರ‍್ಯಾಮ್ ಸ್ಲಾಟ್ ಇರುತ್ತವೆ. ಎಷ್ಟೋ ಕಡೆ ಅಂಗಡಿಯವರು ಸಿಕ್ಕ ಕಡ್ಡಿಗಳನ್ನೆಲ್ಲ ಒಂದೇ ಪ್ರೊಸೆಸರ್ ಕಡೆ ಸಿಕ್ಕಿಸಿಬಿಟ್ಟಿರುತ್ತಾರೆ. ಆನ್ ಆಗುತ್ತೆ, 16 ಕೋರ್ ಅಂತಲೂ ತೋರಿಸುತ್ತೆ. ಆದರೆ ಎರಡನೇ ಪ್ರೊಸೆಸರ್ ಪ್ರತಿ ತುತ್ತಿಗೂ ಪಕ್ಕದ ಮನೆಗೆ ಓಡುತ್ತಿರುತ್ತೆ, ನ್ಯೂಮಾ ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ನಾಲ್ಕು ಕಡ್ಡಿ ಈ ಕಡೆ, ನಾಲ್ಕು ಕಡ್ಡಿ ಆ ಕಡೆ, ಹೀಗೆ ಹಾಕಿಕೊಡಿ ಅಂತ ಹೇಳಿ. ಹಾಗೇ ಫ್ಯಾನ್ ಸದ್ದೂ ಕೇಳಿಸಿಕೊಳ್ಳಿ, ಮಲಗುವ ಕೋಣೆಯಲ್ಲಿ ಇಡೋ ಯೋಚನೆ ಇದ್ದರೆ ಅಲ್ಲೇ ಬಿಟ್ಟುಬಿಡ್ತೀರಿ.