ಸ್ಕೂಲ್ ಬ್ಯಾಗಿನಲ್ಲಿ ಅಜ್ಜಿಯ ಕನ್ನಡಕ

ಪ್ರತಿ ವರ್ಷ ಜುಲೈ, ಆಗಸ್ಟ್ ಬಂತೆಂದರೆ ಮಕ್ಕಳ ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರದ್ದು ಹೆಚ್ಚುಕಮ್ಮಿ ಒಂದೇ ದೂರು. "ಮೊದಲು ಚೆನ್ನಾಗೇ ಹೋಗ್ತಿದ್ದ ಮೇಡಂ. ಈಗ ಯೂನಿಫಾರಂ ನೋಡಿದ್ರೇ ಅಳ್ತಾನೆ." ಮೊದಲ ದಿನದಿಂದಲೇ ಅಳುವ ಮಕ್ಕಳ ಬಗ್ಗೆ ನನಗೆ ಅಷ್ಟಾಗಿ ಚಿಂತೆ ಆಗುವುದಿಲ್ಲ. ಹೊಸ ಜಾಗ, ಹೊಸ ಮುಖಗಳು. ಅಳುತ್ತವೆ, ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಚೆನ್ನಾಗಿ ಹೋಗುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಹೋಗಲ್ಲ ಅಂದರೆ ಮಾತ್ರ ನಾನು ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಯಾವತ್ತಿನಿಂದ? ಆ ವಾರ ಮನೆಯಲ್ಲಿ ಏನಾಯಿತು?

ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಮಗುವನ್ನು ಪುಟ್ಟ ಅನ್ನೋಣ. ಜೂನ್‌ನಲ್ಲಿ ಅವನಿಗೆ ಮೂರು ವರ್ಷ ಮೂರು ತಿಂಗಳು. ಅಮ್ಮ ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಹೆದರಿ ಏಳೂಕಾಲಿಗೇ ಕ್ಯಾಬ್ ಹತ್ತುತ್ತಾರೆ. ಅಪ್ಪ ಬ್ಯಾಂಕಿನಲ್ಲಿ. ಹುಟ್ಟಿದಾಗಿನಿಂದ ಪುಟ್ಟನನ್ನು ನೋಡಿಕೊಂಡಿದ್ದು ಅಜ್ಜಿ, ಅಪ್ಪನ ಅಮ್ಮ. ಮನೆ ಹತ್ತಿರದ ನರ್ಸರಿಗೆ ಸೇರಿಸಿದರು. ಎರಡು ವಾರ ಎಲ್ಲ ಸರಿ ಇತ್ತು. ಆಮೇಲೆ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರು. ಮಕ್ಕಳ ಡಾಕ್ಟರು ನೋಡಿ ದೇಹಕ್ಕೆ ಏನೂ ತೊಂದರೆ ಇಲ್ಲ ಅಂದಿದ್ದರು. (ಡಾಕ್ಟರಿಗೆ ತೋರಿಸಿಕೊಂಡೇ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೂತ್ರದ ಸೋಂಕನ್ನು ಮನಸ್ಸಿನ ತೊಂದರೆ ಅಂದುಕೊಂಡು ಕೂರಬಾರದು.)

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಅಮ್ಮನ ಪ್ರಕಾರ ಅತ್ತೆಯ ಮುದ್ದು ಜಾಸ್ತಿಯಾಗಿ ಮಗು ಹೀಗಾಗಿದೆ. ಅಪ್ಪನ ಪ್ರಕಾರ ಸ್ಕೂಲೇ ಸರಿ ಇಲ್ಲ. ಆದರೆ ಕಟ್ಟಿದ ಫೀಸು ವಾಪಸ್ ಬರಲ್ಲ, ಬಿಡಿಸಿದರೆ ಒಂದು ವರ್ಷ ಹಾಳು. ಇದರ ನಡುವೆ ಸ್ಕೂಲಿನಿಂದ ಒಂದು ವಾಟ್ಸಾಪ್ ಮೆಸೇಜ್. ಮಗುವಿನ ಬ್ಯಾಗಿನಲ್ಲಿ ಪದೇಪದೇ ದೊಡ್ಡವರ ಕನ್ನಡಕ ಸಿಗುತ್ತಿದೆ, ಬೆಲೆಬಾಳುವ ವಸ್ತು ಕಳಿಸಬೇಡಿ, ಕಳೆದುಹೋದರೆ ನಾವು ಜವಾಬ್ದಾರರಲ್ಲ.

ನಾನು ಕೊಡುವ ಫಾರಂನಲ್ಲಿ "ಇತ್ತೀಚೆಗೆ ಮನೆಯಲ್ಲಿ ಏನಾದರೂ ಬದಲಾವಣೆ ಆಗಿದೆಯೇ?" ಅನ್ನುವ ಪ್ರಶ್ನೆ ಇದೆ. ಅದರ ಮುಂದೆ "ಇಲ್ಲ" ಅಂತ ಬರೆದಿದ್ದರು.

ಎರಡನೇ ಸಲ ಬಂದಾಗ ಜೊತೆಗೆ ಅಜ್ಜಿಯೂ ಇದ್ದರು. ನಾನು ಕರೆದಿರಲಿಲ್ಲ. "ಅಮ್ಮನ್ನ ಈಗ ಒಬ್ಬರನ್ನೇ ಮನೇಲಿ ಬಿಡೋ ಹಾಗಿಲ್ಲ" ಅಂದರು ಅಪ್ಪ.

"ಯಾಕೆ, ಏನಾಯ್ತು?"

ಆಗ ಹೊರಬಂತು. ಜೂನ್ ಮಧ್ಯದಲ್ಲಿ ಒಂದು ದಿನ ಬೆಳಿಗ್ಗೆ ಅಜ್ಜಿಗೆ ಎದೆನೋವು. ಆಂಬುಲೆನ್ಸ್, ಆಂಜಿಯೋಪ್ಲ್ಯಾಸ್ಟಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್. ಪುಟ್ಟ ಆ ಹೊತ್ತಿನಲ್ಲಿ ಸ್ಕೂಲಲ್ಲಿದ್ದ. ಪಕ್ಕದ ಮನೆಯವರು ಕರೆದುಕೊಂಡು ಬಂದರು. ಮನೆಯಲ್ಲಿ ಅಜ್ಜಿ ಇಲ್ಲ. "ಅಜ್ಜಿ ಊರಿಗೆ ಹೋಗಿದ್ದಾರೆ, ನಾಳೆ ಬರ್ತಾರೆ" ಅಂದರು. ಮರುದಿನವೂ ನಾಳೆ. ಅದರ ಮರುದಿನವೂ ನಾಳೆ. ಡಿಸ್ಚಾರ್ಜ್ ಆದ ಮೇಲೆ ಅಜ್ಜಿ ವಿಶ್ರಾಂತಿಗೆ ತುಮಕೂರಿನ ಮಗಳ ಮನೆಗೆ ಹೋದರು. ವಿಡಿಯೋ ಕಾಲ್ ಮಾಡಿದರೆ ಮಗು ಅಳುತ್ತೆ ಅಂತ ಅದನ್ನೂ ಮಾಡಲಿಲ್ಲ. ವಾಪಸ್ ಬರುವ ಹೊತ್ತಿಗೆ ಸುಮಾರು ಒಂದು ತಿಂಗಳು.

"ಆದ್ರೆ ಮೇಡಂ, ಅತ್ತೆ ಬಂದ ಮೇಲಾದ್ರೂ ಸರಿಹೋಗಬೇಕಿತ್ತಲ್ವಾ? ಇನ್ನೂ ಜಾಸ್ತಿನೇ ಆಯ್ತು. ಅದಕ್ಕೇ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ್ಕೊಂಡ್ವಿ" ಅಂದರು ಅಮ್ಮ.

ಪ್ರಶ್ನೆ ಸರಿಯಾಗೇ ಇತ್ತು. ನಾನು ಕನ್ನಡಕದ ವಿಷಯ ಎತ್ತಿದೆ. ಅದು ಯಾವಾಗಿನಿಂದ? ಅತ್ತೆ ವಾಪಸ್ ಬಂದ ಮೇಲೆ. ಬ್ಯಾಗಿನಲ್ಲಿ ಹೇಗೆ ಸಿಕ್ಕಿತು, ಸುಮ್ನೆ ಒಳಗೆ ಎಸೆದಿದ್ದನಾ? ಅಮ್ಮ ಸ್ವಲ್ಪ ಯೋಚಿಸಿದರು. "ಇಲ್ಲ. ಊಟದ ಡಬ್ಬಿ ಜೊತೆ ಇಡೋ ಕರ್ಚೀಫಲ್ಲಿ ಸುತ್ತಿ ಇಟ್ಟಿದ್ದ. ಪ್ರತಿ ಸಲಾನೂ ಹಾಗೇ." ಅಪ್ಪ ನಕ್ಕರು. "ತುಂಟಾಟ ಮೇಡಂ. ಇವರು ಬೆಳಿಗ್ಗೆ ಪೂರ್ತಿ ಹುಡುಕ್ತಿರ್ತಾರೆ."

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಬಾಯಿ ಬಿಟ್ಟರು. "ತುಂಟಾಟ ಅಲ್ಲ ಕಣೋ. ನಾನು ಎಲ್ಲಿಗೆ ಹೊರಟ್ರೂ ಕನ್ನಡಕ ಹುಡುಕ್ತೀನಲ್ಲ. ಹಾಲು ತರೋಕೆ ಹೋಗಬೇಕಾದ್ರೂ ಅಷ್ಟೇ, ದೇವಸ್ಥಾನಕ್ಕೆ ಹೋಗಬೇಕಾದ್ರೂ ಅಷ್ಟೇ. 'ಪುಟ್ಟಾ, ಕನ್ನಡಕ ಇಲ್ದೆ ನಾನು ಎಲ್ಲೂ ಹೋಗಲ್ಲಪ್ಪಾ, ಹುಡುಕಿ ಕೊಡು' ಅಂತೀನಿ. ಹುಡುಕಿ ಕೊಡೋದು ಇವನೇ."

ಪುಟ್ಟ ಮೂಲೆಯಲ್ಲಿ ಬ್ಲಾಕ್ಸ್ ಜೋಡಿಸುತ್ತಿದ್ದ. ನಾವೆಲ್ಲ ಅವನ ಕಡೆ ತಿರುಗಿದೆವು. ಅವನು ನಮ್ಮನ್ನು ನೋಡಲಿಲ್ಲ.

ಅಷ್ಟೇ ವಿಷಯ. ಅವನು ಸ್ಕೂಲಿಗೆ ಹೋದ, ಅಜ್ಜಿ ಮಾಯವಾದರು. ಮತ್ತೆ ಸ್ಕೂಲಿಗೆ ಹೋದರೆ ಮತ್ತೆ ಮಾಯವಾಗಬಹುದು. ಅಜ್ಜಿ ಇಲ್ಲದಿದ್ದಾಗ ಕಾಯುವುದೊಂದೇ ಇತ್ತು. ಬಂದ ಮೇಲೆ ಕಾವಲು ಶುರುವಾಯಿತು. ಅದಕ್ಕೇ ಜಾಸ್ತಿಯಾಗಿದ್ದು. ಮೂರು ವರ್ಷದ ಮಗು ಹೀಗೆ ಲೆಕ್ಕ ಹಾಕುವುದು ವಿಚಿತ್ರವೇನಲ್ಲ. ಎರಡರಿಂದ ಏಳು ವರ್ಷದವರೆಗಿನ ಮಕ್ಕಳು ಜೊತೆಜೊತೆಗೆ ನಡೆದ ಎರಡು ಸಂಗತಿಗಳಲ್ಲಿ ಒಂದನ್ನು ಇನ್ನೊಂದರ ಕಾರಣ ಅಂದುಕೊಳ್ಳುತ್ತಾರೆ, ಎಲ್ಲದರ ನಡುವೆ ತಮ್ಮನ್ನೇ ಇಟ್ಟು ನೋಡುತ್ತಾರೆ ಅಂತ ಮನಃಶಾಸ್ತ್ರಜ್ಞ ಪಿಯಾಜೆ ಬಹಳ ಹಿಂದೆಯೇ ತೋರಿಸಿದ್ದಾರೆ. ಪುಟ್ಟನಿಗೆ ಸ್ಕೂಲಿನ ಭಯ ಇರಲಿಲ್ಲ. ಸ್ಕೂಲಿನಿಂದ ವಾಪಸ್ ಬರುವ ಭಯ ಇತ್ತು.

ನಾನು ಕೊಟ್ಟ ಮೊದಲ ಸಲಹೆ: ನಿಜ ಹೇಳಿ. ಅಪ್ಪ ಅಮ್ಮ ಅಲ್ಲ, ಅಜ್ಜಿಯೇ ಹೇಳಬೇಕು. ಎದೆ ನೋವು ಬಂದಿತ್ತು, ಆಸ್ಪತ್ರೆಗೆ ಹೋಗಿದ್ದೆ, ಡಾಕ್ಟರು ಸರಿ ಮಾಡಿದರು, ಆಮೇಲೆ ತುಮಕೂರಿನಲ್ಲಿ ನಿನ್ನ ಅತ್ತೆ ಮನೆಯಲ್ಲಿ ಮಲಗಿದ್ದೆ. ನೀನು ಸ್ಕೂಲಿಗೆ ಹೋಗಿದ್ದಕ್ಕೆ ಬಂದ ನೋವಲ್ಲ ಅದು. ಈ ಕೊನೆಯ ಮಾತನ್ನು ಬಿಡಲೇಬಾರದು ಅಂದೆ.

ಅಪ್ಪ ಒಪ್ಪಲಿಲ್ಲ. "ಇಷ್ಟು ಚಿಕ್ಕ ಮಗೂಗೆ ಹಾರ್ಟು, ಆಸ್ಪತ್ರೆ ಎಲ್ಲಾ ಹೇಳಬೇಕಾ? ಭಯ ಬೀಳಲ್ವಾ?" ಈ ಮಾತು ನನಗೆ ಹೊಸದಲ್ಲ. ಈ ಸಲಹೆ ಕೊಟ್ಟಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕಲ್ಲುಮನಸ್ಸಿನವಳು ಅನ್ನುವ ಹಾಗೆ ನೋಡುತ್ತಾರೆ. ಆದರೆ ಮಗು ಈಗಾಗಲೇ ಹೆದರಿದೆ. ನಾವು ಕಾರಣ ಹೇಳದೆ ಬಿಟ್ಟ ಜಾಗದಲ್ಲಿ ಅದು ತನ್ನದೇ ಒಂದು ಕಾರಣ ಹುಟ್ಟಿಸಿಕೊಂಡಿದೆ. ಅದು ನಿಜಕ್ಕಿಂತ ಕೆಟ್ಟದಾಗಿದೆ, ಯಾಕಂದರೆ ಅದರಲ್ಲಿ ತಪ್ಪು ಮಗುವಿನದೇ. ಸ್ಟೆಂಟ್ ಅಂದರೇನು ಅಂತ ವಿವರಿಸಿ ಅಂತ ನಾನು ಹೇಳುತ್ತಿಲ್ಲ. ಅಜ್ಜಿ ಎಲ್ಲಿದ್ದರು, ಯಾಕೆ ಹೋದರು, ಯಾರು ನೋಡಿಕೊಂಡರು. ಇಷ್ಟು ಸಾಕು. "ಇನ್ನು ಯಾವತ್ತೂ ಏನೂ ಆಗಲ್ಲ" ಅಂತ ಮಾತು ಕೊಡಬೇಡಿ ಅಂತಲೂ ಹೇಳಿದೆ. ಅದು ನಮ್ಮ ಕೈಯಲ್ಲಿಲ್ಲ.

ಅಪ್ಪ ಇನ್ನೊಂದು ಉಪಾಯ ತಂದರು. ಅಜ್ಜಿಯ ಹಳೇ ಕನ್ನಡಕ ಮನೆಯಲ್ಲಿದೆ, ಅದನ್ನು ಬ್ಯಾಗಿಗೆ ಹಾಕಿಬಿಟ್ಟರೆ? ಅವನಿಗೂ ಸಮಾಧಾನ, ಇವರಿಗೂ ಕನ್ನಡಕ ಉಳಿಯುತ್ತೆ. ಬೇಡ ಅಂದೆ. ಸುಳ್ಳಿನಿಂದ ಆದ ಗಾಯಕ್ಕೆ ಇನ್ನೊಂದು ಸುಳ್ಳಿನ ಪಟ್ಟಿ ಯಾಕೆ? ಸಂಜೆ ಬಂದು ಅಜ್ಜಿಯ ಮೂಗಿನ ಮೇಲೆ ಕನ್ನಡಕ ನೋಡಿದ ಕೂಡಲೇ ಅವನಿಗೆ ಗೊತ್ತಾಗುತ್ತೆ. ಅಜ್ಜಿಯೇ ದಾರಿ ಹುಡುಕಿದರು. "ಕನ್ನಡಕದ ಡಬ್ಬಿ ಅವನ ಹತ್ರ ಇರಲಿ. ಕನ್ನಡಕ ನಂಗೆ ಬೇಕು, ಪೇಪರ್ ಓದಬೇಕು ಅಂತ ಹೇಳ್ತೀನಿ." ನನಗೆ ಹೊಳೆಯದಿದ್ದ ಪರಿಹಾರ ಅದು.

ಎರಡನೆಯದು ಸ್ಕೂಲಿನ ಹೊತ್ತು. ಒಂದು ವಾರ ಒಂದೊಂದು ಗಂಟೆ ಮಾತ್ರ ಕಳಿಸಿ ಅಂದೆ. ಕರೆದುಕೊಂಡು ಬಂದಾಗ ಅಜ್ಜಿ ಮನೆಯಲ್ಲೇ ಇರಬೇಕು. ಆಮೇಲೆ ಊಟದವರೆಗೆ, ಆಮೇಲೆ ಪೂರ್ತಿ. ಹೋಗುವುದು, ಬರುವುದು, ಅಜ್ಜಿ ಸಿಗುವುದು. ಇದು ಅವನ ಅನುಭವಕ್ಕೆ ಬರಬೇಕು, ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಸ್ಕೂಲಿನವರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು.

ಒಂದು ವರ್ಷ ಹಾಳಾಗುತ್ತೆ ಅನ್ನುವ ಭಯದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಬೆಂಗಳೂರಿನಲ್ಲಿ ಇದರಿಂದ ಆಗುವ ಅನಾಹುತ ಬಹಳ. ನರ್ಸರಿ ಕಡ್ಡಾಯ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಾತಾಡುವುದು 6ರಿಂದ 14 ವರ್ಷದ ಮಕ್ಕಳ ಬಗ್ಗೆ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಪುಟ್ಟ ಈ ವರ್ಷ ಪೂರ್ತಿ ಮನೆಯಲ್ಲೇ ಇದ್ದು ಮುಂದಿನ ಜೂನ್‌ಗೆ ನೇರವಾಗಿ ಎಲ್‌ಕೆಜಿ ಸೇರಿದರೂ ಏನೂ ತಪ್ಪುವುದಿಲ್ಲ. ಇದನ್ನು ಕೇಳಿದ ಮೇಲೆ ಅಮ್ಮನ ಭುಜ ಸ್ವಲ್ಪ ಇಳಿಯಿತು. ಸ್ಕೂಲಿನ ಸಿಸಿಟಿವಿ ಆ್ಯಪನ್ನು ಆಫೀಸಿನಲ್ಲಿ ನೋಡುತ್ತಾ ಕೂರುವುದನ್ನೂ ನಿಲ್ಲಿಸಿ ಅಂದೆ. ಬೆರಳುದ್ದದ ಚಿತ್ರದಲ್ಲಿ ಮಗು ಕಣ್ಣೊರೆಸಿಕೊಂಡರೆ ಅಳು ಅನಿಸುತ್ತೆ, ಮೂಗೊರೆಸಿಕೊಂಡರೂ ಅಳು ಅನಿಸುತ್ತೆ.

ಅಪ್ಪ ಸ್ಕೂಲನ್ನು ದೂರಿದ್ದು ಪೂರ್ತಿ ಸುಳ್ಳಲ್ಲ. ಕನ್ನಡಕದ ಬಗ್ಗೆ ಮೆಸೇಜ್ ಕಳಿಸಿದವರು "ಯಾಕೋ ಪುಟ್ಟಾ, ಇದನ್ನ ತಂದಿದ್ದೀಯ?" ಅಂತ ಒಂದು ಮಾತು ಕೇಳಿರಲಿಲ್ಲ. ಅಂಗನವಾಡಿಯ ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಊರಿನವರು, ಅದೇ ಬೀದಿಯವರು. ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದಿದ್ದು ಅವರಿಗೆ ಸಂಜೆಯೊಳಗೆ ಗೊತ್ತಾಗಿರುತ್ತಿತ್ತು. ದುಬಾರಿ ನರ್ಸರಿಯಲ್ಲಿ ಅದನ್ನು ನಾವೇ ಹೋಗಿ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ಜಗಳ ಆಗಿದೆ, ಮನೆ ಬದಲಿಸುತ್ತಿದ್ದೇವೆ ಅಂದರೆ ಮಿಸ್‌ಗೆ ಒಂದು ಮಾತು ಹೇಳಿ. ಮರ್ಯಾದೆ ಹೋಗುವುದಿಲ್ಲ.

ಪುಟ್ಟನದು ದೊಡ್ಡ ಸುಳ್ಳಿನ ಕತೆ. ಆದರೆ ಸಣ್ಣ ಸುಳ್ಳುಗಳು ಪ್ರತಿ ಮನೆಯಲ್ಲೂ ಇವೆ. ಪಾರ್ಕಿಗೆ ಹೋಗೋಣ ಅಂತ ಹೊರಡಿಸಿ ಸ್ಕೂಲಿಗೆ ಬಿಡುವುದು. "ಇಲ್ಲೇ ಗೇಟ್ ಹತ್ರ ಕೂತಿರ್ತೀನಿ" ಅಂತ ಹೇಳಿ ಆಫೀಸಿಗೆ ಹೋಗುವುದು. ಆಟಿಕೆ ಕಡೆ ತಿರುಗಿದಾಗ ಕಣ್ಣು ತಪ್ಪಿಸಿ ಜಾರಿಕೊಳ್ಳುವುದು. ಕೆಲವು ಮಿಸ್‌ಗಳೇ ಹೀಗೆ ಮಾಡಿ ಅನ್ನುತ್ತಾರೆ, ಯಾಕಂದರೆ ಗೇಟಿನಲ್ಲಿ ರಂಪ ಆಗುವುದಿಲ್ಲ. ಒಪ್ಪುತ್ತೇನೆ, ಹೇಳಿ ಹೊರಟರೆ ಆ ಐದು ನಿಮಿಷ ಅಳು ಜೋರಾಗೇ ಇರುತ್ತೆ. ಆದರೆ ಹೇಳದೆ ಹೋದವರ ಮಗು ಆಟ ಆಡುತ್ತಲೂ ಬಾಗಿಲು ನೋಡುತ್ತಿರುತ್ತೆ. ಅದನ್ನು ಯಾರೂ ಅಳು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜರ್ಮನಿಯಲ್ಲಿ ಬರ್ಲಿನ್ ಪದ್ಧತಿ ಅಂತ ಒಂದಿದೆ. ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ತರಗತಿಯಲ್ಲೇ ಕೂರುತ್ತಾರೆ, ಬಿಟ್ಟು ಹೋಗುವ ಪ್ರಯತ್ನವೇ ಇಲ್ಲ. ನಾಲ್ಕನೇ ದಿನದ ಹೊತ್ತಿಗೆ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾರೆ. ಮಗು ಸಮಾಧಾನ ಆಗದಿದ್ದರೆ ತಕ್ಷಣ ವಾಪಸ್. ನಮ್ಮಲ್ಲಿ ಬಹಳ ಕಡೆ ಪೋಷಕರಿಗೆ ಗೇಟಿನಿಂದ ಒಳಗೆ ಪ್ರವೇಶವಿಲ್ಲ. ಅಡ್ಮಿಷನ್‌ಗೆ ಹೋದಾಗ ಸಿಲಬಸ್ ಕೇಳುವ ಬದಲು ಇದನ್ನು ಕೇಳಿ.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ಮಗು ತಿನ್ನದಿದ್ದರೆ, ಆಡುತ್ತಿದ್ದ ಮಾತು ಕಮ್ಮಿಯಾದರೆ, ಆಗ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ತೋರಿಸಿ. ಎಲ್ಲಿ ಶುರು ಮಾಡಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ಪುಟ್ಟನಿಗೆ ಆಸ್ಪತ್ರೆಯ ನಿಜವನ್ನು ಅಜ್ಜಿ ಬೀನ್ಸ್ ನಾರು ತೆಗೆಯುತ್ತಾ ಹೇಳಿದರಂತೆ. ಪುಟ್ಟ ಕೇಳಿದ್ದು ಎರಡೇ. "ಸೂಜಿ ಚುಚ್ಚಿದ್ರಾ?" ಮಣಿಕಟ್ಟಿನ ಹತ್ತಿರ ಚುಚ್ಚಿದ ಜಾಗ ತೋರಿಸಿದರು. ಬೆರಳಿಟ್ಟು ನೋಡಿದ. "ನಾಳೆ ಇರ್ತೀಯಾ?" ಇರ್ತೀನಿ ಅಂದರು. ಆಮೇಲೆ ಬೀನ್ಸ್ ಮುರಿಯಲು ಕೂತ.

ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ. ಡಬ್ಬಿ ಕೊಟ್ಟ ಮೇಲೂ ಒಂದೆರಡು ಸಲ ಕನ್ನಡಕ ಬ್ಯಾಗಿಗೆ ಹೋಯಿತು. ವಾಂತಿ ಮೊದಲು ನಿಂತಿತು, ಹಾಸಿಗೆ ಒದ್ದೆ ನಿಧಾನಕ್ಕೆ. ಸೋಮವಾರದ ಅಳು ಇನ್ನೂ ಇದೆ. ದಸರಾ ರಜೆ ಮುಗಿದ ಮೇಲೆ ಮತ್ತೆ ಜಾಸ್ತಿಯಾಗುತ್ತೆ, ಅದಕ್ಕೆ ಗಾಬರಿ ಬೀಳಬೇಡಿ ಅಂತ ಮೊದಲೇ ಹೇಳಿದ್ದೆ. ಹಾಗೇ ಆಯಿತು.

ಆಮೇಲೆ ಅಪ್ಪ ಒಮ್ಮೆ ಫೋನ್ ಮಾಡಿದ್ದರು. ಅಜ್ಜಿಯನ್ನು ಚೆಕಪ್‌ಗೆ ಕರೆದುಕೊಂಡು ಹೋಗಬೇಕಿತ್ತು, ಅದೂ ಸ್ಕೂಲಿನ ಹೊತ್ತಿನಲ್ಲೇ.

"ಈ ಸಲಾನೂ ಹೇಳಬೇಕಾ ಮೇಡಂ?"

"ಹೇಳಿ."

"ಏನಂತ?"

"ಆಸ್ಪತ್ರೆಗೆ ಹೋಗಿ ಸಂಜೆ ಬರ್ತಾರೆ ಅಂತ. ತಡ ಆಗೋ ಹಾಗಿದ್ರೆ ಸಂಜೆ ಅನ್ನಬೇಡಿ, ರಾತ್ರಿ ಅನ್ನಿ."